ಹದಿನೇಳರ ಇಬ್ಬನಿ

ಅಕ್ಕನ ಎಡಗಣ್ಣು ಹೋದದ್ದು ಕಡಲೆ ಹೊಲದಲ್ಲಿ. ನಲ್ಲಿ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ನಲ್ಲಿಗೆ ಬೀಗ ಹಾಕಿತ್ತು. ಬೀಗದ ಕೈ ಧಣಿಯ ಸೊಂಟದಲ್ಲಿತ್ತು.

ವಿಷಯ ಇಷ್ಟೇ. ಧಣಿ ಇದನ್ನು ಬೇರೆ ಥರ ಹೇಳಿಕೊಂಡು ತಿರುಗುತ್ತಿದ್ದಾನೆ. ಅದಕ್ಕೇ ಉಳಿದದ್ದನ್ನೂ ಹೇಳುತ್ತೇನೆ.

ನಾವು ಎಂಟು ಜನ ಹೆಂಗಸರು. ಕುಡಿ ಚಿವುಟುವುದು ನಮ್ಮ ಕೆಲಸ. ಕಡಲೆ ಗಿಡ ಮೊಣಕಾಲಿಗಿಂತ ಕೆಳಗಿರುವಾಗಲೇ ಅದರ ತುದಿಯನ್ನು ಉಗುರಿನಿಂದ ಚಿವುಟಿ ತೆಗೆಯಬೇಕು. ಆಗ ಗಿಡ ಮೇಲಕ್ಕೆ ಹೋಗುವುದು ಬಿಟ್ಟು ಅಡ್ಡಡ್ಡ ಕವಲೊಡೆಯುತ್ತದೆ. ಕವಲು ಹೆಚ್ಚಾದರೆ ಕಾಯಿ ಹೆಚ್ಚು. ನಮ್ಮ ಕಡೆ ಇದಕ್ಕೆ ಯಂತ್ರವಿಲ್ಲ, ಉಗುರೇ ಬೇಕು. ಬಿಸಿಲೇರಿದರೆ ಕುಡಿ ಬಾಡಿ ಉಗುರಿಗೆ ಸಿಗದೆ ಜಾರುತ್ತದೆ. ಹಾಗಾಗಿ ಬೆಳಕು ಹರಿಯುತ್ತಿದ್ದಂತೆ, ಇಬ್ಬನಿ ಇರುವಾಗಲೇ ಬಗ್ಗಬೇಕು. ಸಾಲು ಹಿಡಿದರೆ ಸಾಲು ಮುಗಿಯುವ ತನಕ ಸೊಂಟ ಎತ್ತುವ ಹಾಗಿಲ್ಲ. ಚಿವುಟಿದ ಕುಡಿಯನ್ನು ಹಾಕಿಕೊಳ್ಳಲು ಸೊಂಟಕ್ಕೆ ಒಂದು ಬಟ್ಟೆ ಕಟ್ಟಿಕೊಂಡು ಮಡಿಲು ಮಾಡಿಕೊಳ್ಳುತ್ತೇವೆ. ಆ ಬಟ್ಟೆಯ ತುದಿ ಗಿಡಗಳ ಮೇಲೆ ಎಳೆದಾಡುತ್ತ ನಮ್ಮ ಜೊತೆಗೇ ಸಾಲು ದಾಟುತ್ತದೆ.

ಕಡಲೆ ಗಿಡದ ಮೈಯೆಲ್ಲ ಸಣ್ಣ ರೋಮ. ರೋಮದ ತುದಿಯಲ್ಲಿ ಹುಳಿ ಹನಿ. ಮೊದಲು ಹಾಕುತ್ತಿದ್ದ ಹಳೆಯ ತಳಿಯ ಕಡಲೆಯಲ್ಲೂ ಇತ್ತು. ಅಕ್ಕ ಬೆರಳು ನೆಕ್ಕಿ, ಒಂದು ಕಣ್ಣು ಮುಚ್ಚಿ, ಮೇಸ್ತ್ರಿಯ ಮುಖ ಮಾಡಿ ತೋರಿಸುತ್ತಿದ್ದಳು. ಮೇಸ್ತ್ರಿ ಸದಾ ಕೈಗಡಿಯಾರ ನೋಡುತ್ತಿದ್ದ. ಅವನಿಗೆ ನಾವು ಇಟ್ಟ ಹೆಸರು ಗಡಿಯಾರ. ಅಕ್ಕನ ಹೆಸರು ಬಾಯಿ. ಅಷ್ಟು ಮಾತು. ನಾನು ಮಾತು ಕಡಿಮೆ. ನಮ್ಮಮ್ಮನಿಗೆ ಓದು ಬರದು, ಆದರೆ ಪದ್ಯಗಳು ಬಾಯಿಗೆ ಬರುತ್ತವೆ. ಸಂಜೆ ಅವಳು ಹೇಳುತ್ತಾಳೆ, ನಾನು ಕಣ್ಣು ಮುಚ್ಚಿ ಕೇಳುತ್ತೇನೆ. ಅದೇ ನನ್ನ ಪೂಜೆ. ಕೇಳಿ ಕೇಳಿ ನನಗೆ ಮಾತಾಡುವುದು ಮರೆತುಹೋಗಿದೆ ಎಂದು ಅಕ್ಕ ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದಳು.

ಆಮೇಲೆ ಹದಿನೇಳು ಬಂತು.

ಕಡಲೆಗೆ ಒಂದು ಹಸಿರು ಹುಳ ಬೀಳುತ್ತದೆ. ಕಾಯಿಗೆ ತೂತು ಕೊರೆದು ತಲೆ ಒಳಗೆ ಹಾಕುತ್ತದೆ, ಮೈ ಹೊರಗೆ ಬಿಡುತ್ತದೆ. ಹಾಗೇ ನೇತಾಡಿಕೊಂಡು ಕಾಳು ತಿನ್ನುತ್ತದೆ. ಎಂಥ ಔಷಧಿ ಹೊಡೆದರೂ ಎರಡು ವರ್ಷಕ್ಕೆ ಅದಕ್ಕೆ ರೂಢಿಯಾಗಿಬಿಡುತ್ತದೆ. ಧಣಿ ಬೀಜದ ವ್ಯಾಪಾರಿ. ಅವನು ಎಲ್ಲಿಂದಲೋ ಹಲವು ತಳಿ ತರಿಸಿ ಸಾಲು ಸಾಲಾಗಿ ಹಾಕಿಸಿದ. ಹದಿನೇಳನೇ ಸಾಲಿನ ಗಿಡಗಳಿಗೆ ಮಾತ್ರ ಹುಳ ಬೀಳಲಿಲ್ಲ. ಹುಳ ಎಲೆ ಹತ್ತುತ್ತಿತ್ತು, ಬಾಯಿ ಇಡುತ್ತಿತ್ತು, ಕೆಳಗೆ ಬೀಳುತ್ತಿತ್ತು. ಮರುವರ್ಷ ಇಡೀ ಹೊಲಕ್ಕೆ ಹದಿನೇಳನ್ನೇ ಹಾಕಿದ. ಬೇಲಿಗೆ ಫಲಕ ಬಂತು: ಹುಳ ಮುಟ್ಟದ ಕಡಲೆ.

ಹುಳ ಯಾಕೆ ಮುಟ್ಟುವುದಿಲ್ಲ ಎಂದು ಯಾರೂ ನಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ಕೈ ತೋರಿಸುತ್ತಿದ್ದೆವು.

ಮೊದಲ ದಿನ ಉರಿಯಿತು. ಮೂರನೇ ದಿನ ಬೆರಳ ತುದಿ ಬೆಳ್ಳಗಾಯಿತು. ಎಂಟನೇ ದಿನ ಚರ್ಮ ಬಿಟ್ಟುಕೊಂಡು ಬಂತು. ಹದಿನೇಳರ ಹುಳಿ ಹಳೆಯ ಕಡಲೆಯದಲ್ಲ. ಹುಳವೇ ಬಾಯಿ ಸುಟ್ಟುಕೊಂಡು ಬೀಳುವಾಗ ನಮ್ಮ ಬೆರಳು ಯಾವ ಲೆಕ್ಕ. ಗೇಟಿನಲ್ಲಿ ಹಾಜರಿಗೆ ಹೆಬ್ಬೆರಳು ಒತ್ತುವ ಯಂತ್ರವಿತ್ತು. ಅದಕ್ಕೆ ನಮ್ಮ ಗುರುತು ಸಿಗದಾಯಿತು. ಒತ್ತಿದರೆ ಕೆಂಪು ದೀಪ, ಮತ್ತೆ ಒತ್ತಿದರೆ ಮತ್ತೆ ಕೆಂಪು.

"ಬಂದಿಲ್ಲ ಅಂತಿದೆ ಯಂತ್ರ," ಎಂದ ಗಡಿಯಾರ.

"ನಿನ್ನೆದುರಿಗೆ ನಿಂತಿರೋದು ಯಾರು ಹಾಗಾದ್ರೆ? ನಮ್ಮ ದೆವ್ವಾನಾ?" ಎಂದಳು ಅಕ್ಕ.

"ನಂಗೇನು ಗೊತ್ತು. ಬೆರಳು ಇಟ್ಕೊಂಡು ಬನ್ನಿ."

ಬೆರಳನ್ನು ಅವನ ಹೊಲಕ್ಕೇ ಕೊಟ್ಟು ಬಂದಿದ್ದೆವು.

ಅದೇ ವಾರ ಒಬ್ಬ ಹುಡುಗಿ ಬಂದಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಕಾಗದದ ಕಟ್ಟು. ಹದಿನೇಳಕ್ಕೆ ಮಾರುಕಟ್ಟೆ ಎಷ್ಟಿದೆ, ಎಷ್ಟು ರೈತರು ಬೆಳೆಯಲು ತಯಾರಿದ್ದಾರೆ ಎಂದು ಸರ್ವೆ ಮಾಡುತ್ತಿದ್ದಳು. ಸುತ್ತಲ ಹೊಲದವರೆಲ್ಲ ಧಣಿಯ ಕಚೇರಿಯ ನೆರಳಲ್ಲಿ ಕುರ್ಚಿ ಹಾಕಿ ಕೂತಿದ್ದರು. ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡಳು. ಹುಳದ ಕಾಟ ಹೇಗೆ, ಔಷಧಿ ಎಷ್ಟು ಸಲ ಹೊಡೀತೀರಿ, ಕಾಳಿನ ಗಾತ್ರ ಹಿಡಿಸ್ತಾ. ನಾವು ಸಾಲು ಮುಗಿಸಿ ಬೇಲಿಯ ಹತ್ತಿರ ಬಂದಿದ್ದೆವು. ಅವಳು ಕೇಳಿದ್ದು ಕಿವಿಗೆ ಬಿತ್ತು.

"ಈ ತಳಿಯಲ್ಲಿ ಕೆಲಸಕ್ಕೇನಾದ್ರೂ ತೊಂದರೆ ಇದೆಯಾ ಸಾರ್?"

"ಏನೂ ಇಲ್ಲ ಬರ್ಕೊಳಮ್ಮ," ಎಂದ ಧಣಿ.

ಅಕ್ಕ ಬೇಲಿಯ ಈಚೆಯಿಂದ ಕರೆದಳು. "ನಮ್ಮನ್ನೂ ಒಂದು ಮಾತು ಕೇಳವ್ವ."

ಹುಡುಗಿ ಒಳ್ಳೆಯವಳೇ. ಎದ್ದು ಬಂದಳು. "ನೀವು ರೈತರಾ?"

"ಬೆಳಗಿಂದ ಹೊಲದಲ್ಲೇ ಇದೀವಿ. ಕುರ್ಚಿ ಮೇಲೆ ಕೂತೋರು ಏನೋ ನನಗೆ ಗೊತ್ತಿಲ್ಲ."

"ಅಂದ್ರೆ, ಹೊಲ ಎಷ್ಟಿದೆ ನಿಮಗೆ?"

ಅಕ್ಕ ಎರಡೂ ಕೈ ಮುಂದೆ ಚಾಚಿದಳು. "ಉಗುರಲ್ಲಿ ಎಷ್ಟು ಮಣ್ಣಿದೆಯೋ ಅಷ್ಟು."

ನಾವು ಎಂಟೂ ಜನ ನಕ್ಕೆವು. ಹುಡುಗಿ ನಗಲಿಲ್ಲ. ಅಕ್ಕನ ಬೆರಳು ನೋಡಿದಳು, ಕಾಗದ ನೋಡಿದಳು. "ಹೊಲ ಇಲ್ಲದೋರಿಗೆ ಈ ಫಾರ್ಮಲ್ಲಿ ಜಾಗ ಇಲ್ಲ ಅಕ್ಕ," ಎಂದಳು. ವಾಪಸು ಹೋಗಿ ನೆರಳಲ್ಲಿ ಕೂತಳು. ಕೆಲಸಕ್ಕೆ ತೊಂದರೆ: ಇಲ್ಲ.

ಐದು ದಿನ ಕಳೆಯಿತು. ಆರನೆಯ ದಿನ ಇಬ್ಬನಿ ಹೆಚ್ಚು. ಗಿಡ ಅಲುಗಿಸಿದರೆ ಮಳೆ ಬಿದ್ದ ಹಾಗೆ. ಬೆರಳು ಕಣ್ಣಿಗೆ ತಾಗಿಸಬಾರದು ಎನ್ನುವುದು ನಮಗೆಲ್ಲ ಗೊತ್ತು. ಬೆವರು ಬಂದರೆ ತೋಳಿಂದ ಒರೆಸುತ್ತೇವೆ. ಆವತ್ತು ಅಕ್ಕನ ತೋಳೂ ಒದ್ದೆಯಾಗಿತ್ತು. ಹುಬ್ಬಿನಿಂದ ಬೆವರು ಕಣ್ಣಿಗಿಳಿಯಿತು. ಅವಳು ಸೊಂಟದ ಬಟ್ಟೆಯ ತುದಿಯನ್ನೆತ್ತಿ ಒತ್ತಿಕೊಂಡಳು. ಬಟ್ಟೆ ಅಲ್ಲವೇ, ಬೆರಳಲ್ಲವಲ್ಲ ಎಂದುಕೊಂಡಳು. ಆ ಬಟ್ಟೆ ಮುಂಜಾನೆಯಿಂದ ಒಂಬತ್ತು ಸಾಲಿನ ಹುಳಿ ಕುಡಿದಿತ್ತು.

ಅಕ್ಕ ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಪದ್ಯ ಕೇಳಿ ಬೆಳೆದ ಕಿವಿ ಇದು. ಒಂದು ಸಲ ಒಳಗೆ ಹೋದದ್ದು ಹೊರಗೆ ಹೋಗುವುದಿಲ್ಲ.

ನಲ್ಲಿಯ ಹತ್ತಿರ ಎಳೆದುಕೊಂಡು ಓಡಿದೆವು. ಬೀಗ. ಕೂಲಿಯವರು ಕೈಕಾಲು ತೊಳೆದು ನಲ್ಲಿಯ ಸುತ್ತ ಕೊಚ್ಚೆ ಮಾಡುತ್ತಾರೆ ಎಂದು ಧಣಿ ಹಾಕಿಸಿದ ಬೀಗ. ಗಡಿಯಾರ ಅಲ್ಲೇ ನಿಂತಿದ್ದ.

"ಧಣಿ ತಿಂಡಿಗೆ ಕೂತಿದಾರೆ. ಎದ್ದ ಮೇಲೆ ಕೇಳ್ತೀನಿ."

"ಈಗ ಹೋಗಿ ಕೇಳಪ್ಪ. ಕಣ್ಣು ಕಣೋ."

ಅವನು ಗಡಿಯಾರ ನೋಡಿಕೊಂಡ.

ಕಾಲುವೆಗೆ ಓಡಿದೆವು. ಅರ್ಧ ಗಂಟೆಯ ದಾರಿ. ಅಕ್ಕ ನನ್ನ ಭುಜ ಕಚ್ಚಿಕೊಂಡು ಬಂದಳು. ಕಾಲುವೆಯಲ್ಲಿ ಇದ್ದದ್ದು ಕೆಸರು ನೀರು. ಅದರಲ್ಲೇ ತೊಳೆದೆವು. ಮರುದಿನ ಕಣ್ಣು ಮುಚ್ಚಿಕೊಂಡಿತು. ನಾಲ್ಕನೇ ದಿನ ಕೀವು ಬಂತು. ಆಸ್ಪತ್ರೆಯ ಡಾಕ್ಟರಮ್ಮ ರೆಪ್ಪೆ ಬಿಡಿಸಿ, ದೀಪ ಹಿಡಿದು, ದೀಪ ಆರಿಸಿದರು.

"ಆಗಿಂದಾಗಲೇ ಒಳ್ಳೆ ನೀರಲ್ಲಿ ತೊಳೆದಿದ್ರೆ ಉಳೀತಿತ್ತು. ಹತ್ತಿರ ನೀರಿರಲಿಲ್ವಾ?"

"ಇತ್ತು," ಎಂದೆ ನಾನು.

ಧಣಿಯ ಹತ್ತಿರ ಹೋದೆವು. ಎಂಟು ಜನವೂ ಹೋದೆವು. ಅವನು ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದ. ಬೀಜ ಕೊಳ್ಳಲು ಬಂದ ಇಬ್ಬರು ವ್ಯಾಪಾರಿಗಳು ಜೊತೆಗಿದ್ದರು. ಅಕ್ಕ ಕಣ್ಣಿನ ಪಟ್ಟಿ ಬಿಚ್ಚಿದಳು. ಕಣ್ಣಿನ ಕಪ್ಪು ಇದ್ದಲ್ಲಿ ಹಾಲು ಚೆಲ್ಲಿದ ಹಾಗಿತ್ತು.

"ಏನು ನಿಮ್ಮ ಮಾತು," ಎಂದ ಧಣಿ. ವ್ಯಾಪಾರಿಗಳ ಕಡೆ ತಿರುಗಿ ನಕ್ಕ. "ಅದು ಬರೀ ಇಬ್ಬನಿ. ಇಬ್ಬನಿ ಬಿದ್ದು ಯಾರಿಗಾದ್ರೂ ಕಣ್ಣು ಹೋಗ್ತದಾ? ಮನೇಲಿ ಏನು ಜಗಳ ಮಾಡ್ಕೊಂಡಳೋ."

ವ್ಯಾಪಾರಿಗಳೂ ನಕ್ಕರು. ಅಕ್ಕ ಪಟ್ಟಿ ಕಟ್ಟಿಕೊಂಡಳು. ಬಾಯಿ ಎಂದು ಹೆಸರಾದ ನನ್ನ ಅಕ್ಕ ಆವತ್ತು ಬಾಯಿ ಮುಚ್ಚಿದವಳು ಬಹಳ ದಿನ ತೆರೆಯಲಿಲ್ಲ. ಮನೆಯಲ್ಲಿ ಗೋಡೆಗೆ ಒರಗಿ ಕೂರುವಳು. ಉಣ್ಣು ಎಂದರೆ ಉಣ್ಣುವಳು. ಅವಳ ಮಗಳು ಮಡಿಲಿಗೆ ಬಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುವಳು, ಮಗುವಿನ ಮೈಗೆ ಏನು ತಾಗುತ್ತದೋ ಎಂದು.

ಅಮ್ಮ ಸಂಜೆ ಪದ್ಯ ಹೇಳಿದಳು. ದೇವರು ಕರುಣಾಳು ಎಂಬ ಪದ್ಯ. ನಾನು ಮೊದಲ ಸಲ ಅರ್ಧಕ್ಕೆ ಎದ್ದೆ.

"ಯಾಕೆ ಎದ್ದೆ ಮಗಾ?"

"ಬೇರೆ ಯಾವುದಾದ್ರೂ ಹೇಳಮ್ಮ. ದೇವರಿಗೆ ಸಿಟ್ಟು ಬರೋದು."

ಅಮ್ಮ ನನ್ನನ್ನು ಮತ್ತೆ ಕೂರಿಸಿದಳು. ಆಮೇಲೆ ಅದನ್ನೂ ಹೇಳಿದಳು. ಅಂಥದ್ದೂ ಅವಳಿಗೆ ಬರುತ್ತಿತ್ತು.

ನಾನು ಬೇಡಿಕೊಂಡದ್ದು ಇಷ್ಟು. ಅವನ ಚೀಲ ಅವನ ಗೋದಾಮಿನಲ್ಲೇ ಉಳಿಯಲಿ. ಅವನ ಬೀಜಕ್ಕೆ ಮಣ್ಣು ಸಿಗದಿರಲಿ. ಅವನ ಮಾತಿಗೆ ಕಿವಿ ಸಿಗದಿರಲಿ. ಹದಿನೇಳರ ಒಂದು ಚೀಲವೂ ಮಾರಾಟವಾಗಬಾರದು. ಒಂದೂ ಆಗಬಾರದು.

ಗಿಡ ಕಾಯಿ ಕಟ್ಟಿತು. ಕುಡಿ ಚಿವುಟುವ ಕೆಲಸ ಮುಗಿದು ಬೆರಕೆ ಗಿಡ ಕೀಳುವ ಕೆಲಸ ಬಂತು. ಬೀಜದ ಹೊಲದಲ್ಲಿ ಬೇರೆ ತಳಿಯ ಒಂದು ಗಿಡವೂ ಇರಬಾರದು. ಈ ಹೊತ್ತಿಗೆ ಹುಳಿ ಇನ್ನೂ ಹೆಚ್ಚು. ಅಕ್ಕನ ಸಾಲನ್ನು ನಾನೇ ಹಿಡಿದೆ. ತಿಂಗಳ ಕೊನೆಗೆ ರೈತರ ದೊಡ್ಡ ಸಭೆ ಎಂದು ಗೊತ್ತಾಯಿತು. ಹತ್ತಾರು ಊರಿನವರು ಬರುತ್ತಾರೆ, ಹೊಲ ನೋಡುತ್ತಾರೆ, ಮುಂದಿನ ಬಿತ್ತನೆಗೆ ಬೀಜ ಬರೆಸುತ್ತಾರೆ. ಗೋದಾಮಿನಲ್ಲಿ ಹೊರಗಿಂದ ತರಿಸಿದ ಹದಿನೇಳರ ಬೀಜ ಚೀಲ ಚೀಲವಾಗಿ ಪೇರಿಸಿತ್ತು.

"ಅತಿಥಿಗಳಿಗೆ ಕೈಗೆ ನೀರು ಹಾಕೋಕೆ ಒಬ್ಬಳು ಬೇಕು. ಬಾಯಿ ಬಿಡದೋಳು ಬೇಕು. ನೀನು ಬಾ," ಎಂದ ಗಡಿಯಾರ ನನಗೆ.

ಆಗಲಿ ಎಂದೆ.

ಸಭೆಗೆ ಮುಂಚಿನ ನಾಲ್ಕು ದಿನ ನಾವು ಏಳು ಜನ ಸೊಂಟದ ಬಟ್ಟೆಯನ್ನು ಎರಡು ಸುತ್ತು ಜಾಸ್ತಿ ಕಟ್ಟಿಕೊಂಡೆವು. ಗಿಡದ ಮೇಲೆ ಬೇಕೆಂದೇ ಎಳೆದೆವು. ಬಿಸಿಲೇರುವ ಮೊದಲು ಬೇಲಿಯ ಮೂಲೆಯಲ್ಲಿ ಮಣ್ಣಿನ ಮಡಕೆಯ ಮೇಲೆ ಹಿಂಡಿದೆವು. ಹಿಂಡುವಾಗ ಗಾಯದ ಬೆರಳು ಉರಿದು ಕಣ್ಣಲ್ಲಿ ನೀರು ಬಂತು. ಆ ನೀರು ಅದರೊಳಗೆ ಬೀಳದ ಹಾಗೆ ಮುಖ ತಿರುಗಿಸಿಕೊಂಡೆವು. ಕಲಬೆರಕೆ ಆಗಬಾರದಲ್ಲ. ನಾಲ್ಕು ದಿನಕ್ಕೆ ಅರ್ಧ ಮಡಕೆ ಆಯಿತು. ನೋಡಲು ನೀರು. ಸ್ವಲ್ಪ ಹಳದಿ, ಅಷ್ಟೇ.

ಸಭೆಯ ದಿನ ಅಕ್ಕನನ್ನು ಕರೆದುಕೊಂಡು ಹೋದೆ. ಬರುವುದಿಲ್ಲ ಎನ್ನಲಿಲ್ಲ.

ಶಾಮಿಯಾನ ಹಾಕಿದ್ದರು. ಎಂಬತ್ತು, ತೊಂಬತ್ತು ಜನ ಗಂಡಸರು. ಸರ್ವೆಯ ಹುಡುಗಿ ಮೈಕು ಹಿಡಿದು ಓದಿದಳು. ನೂರಕ್ಕೆ ಎಂಬತ್ತೆರಡು ರೈತರು ಹದಿನೇಳನ್ನು ಬೆಳೆಯಲು ಸಿದ್ಧ. ಚಪ್ಪಾಳೆ ಬಿತ್ತು. ಧಣಿ ಎದ್ದು ಒಂದು ಗಿಡ ಕಿತ್ತು ತರಿಸಿದ. ಅದನ್ನು ಕಿತ್ತವಳು ನಮ್ಮವಳೇ. ಅವನು ಅದರ ಕಾಯಿಯನ್ನಷ್ಟೇ ಎರಡು ಬೆರಳಲ್ಲಿ ಹಿಡಿದು ಒಡೆದು ತೋರಿಸಿದ. ಒಂದು, ಎರಡು, ಹತ್ತು ಕಾಯಿ. ಒಂದರಲ್ಲೂ ಹುಳವಿಲ್ಲ. ಜನ ಮುಂದೆ ಬಂದು ಇಣುಕಿದರು. ಮೇಜಿನ ಮೇಲೆ ಹೆಸರು ಬರೆಸುವ ಪುಸ್ತಕ ಬಿಚ್ಚಿತ್ತು. ಸಾಲು ನಿಲ್ಲಲು ಶುರುವಾಯಿತು.

ಧಣಿಗೆ ಬಿಸಿಲಿಗೆ ಬೆವರಿತ್ತು. "ನೀರು," ಎಂದ. "ಮುಖಕ್ಕೆ."

ನಾನು ಆ ಮಡಕೆ ತಂದೆ. ಅವನು ಬಗ್ಗಿ ಎರಡೂ ಅಂಗೈ ಬೊಗಸೆ ಮಾಡಿ ಹಿಡಿದ. ಕಣ್ಣು ಅರ್ಧ ಮುಚ್ಚಿದ್ದ. ನನ್ನ ಮುಖವನ್ನು ನೋಡಲೂ ಇಲ್ಲ. ಅವನ ಬೊಗಸೆಗೂ ನನ್ನ ಮಡಕೆಗೂ ನಡುವೆ ನಾಲ್ಕು ಬೆರಳು.

ಹೊಯ್ಯಬಹುದಿತ್ತು. ಸುಳ್ಳು ಯಾಕೆ ಹೇಳಲಿ, ಕೈ ಬಾಗಿತ್ತು. ಒಂದು ಬೊಗಸೆ ಸಾಕಿತ್ತು. ಆದರೆ ಗೊತ್ತಿಲ್ಲದೆ ಕಣ್ಣು ಕಳೆದುಕೊಂಡವನು ಪಾಪದವನಾಗುತ್ತಾನೆ. ಜನ ಅಯ್ಯೋ ಎನ್ನುತ್ತಾರೆ. ಅವನಿಗೆ ಒಂದು ಅಯ್ಯೋ ಕೂಡ ನನ್ನ ಕೈಯಿಂದ ಸಿಗಬಾರದು.

"ಧಣಿ, ಇದು ಹದಿನೇಳರ ಇಬ್ಬನಿ," ಎಂದೆ.

ಅವನು ಹಾಗೇ ಬಗ್ಗಿದ್ದ.

"ನಿಮ್ಮ ಹೊಲದ್ದು. ನಾಲ್ಕು ದಿನದಿಂದ ನಮ್ಮ ಮಡಿಲ ಬಟ್ಟೆ ಹಿಂಡಿ ಇಟ್ಟಿದೀವಿ. ಬರೀ ಇಬ್ಬನಿ ಅಂದಿದ್ರಲ್ಲ. ತೊಳ್ಕೊಳ್ಳಿ."

ಬೊಗಸೆ ಬಿಚ್ಚಿಕೊಂಡಿತು. ಕೈ ಹಿಂದಕ್ಕೆ ಹೋಯಿತು. ಅಷ್ಟು ಜನರೆದುರು ಆ ಎರಡು ಕೈ ಹಿಂದಕ್ಕೆ ಹೋದದ್ದನ್ನು ನಾನು ಕಣ್ಣು ತುಂಬ ನೋಡಿದೆ.

"ಯಾರು ಇವಳನ್ನ ಇಲ್ಲಿ ಬಿಟ್ಟದ್ದು?" ಎಂದ.

"ತೊಳ್ಕೊಳ್ಳಿ ಧಣಿ. ಇಬ್ಬನಿಯಿಂದ ಯಾರಿಗಾದ್ರೂ ಕಣ್ಣು ಹೋಗ್ತದಾ?"

ಜನ ಪುಸ್ತಕದ ಸಾಲು ಬಿಟ್ಟು ಇತ್ತ ಬಂದರು. ಧಣಿ ಗಡಿಯಾರನ ಕಡೆ ನೋಡಿದ. "ನೀನು ತೊಳಕೋ. ತೋರಿಸು ಇವರಿಗೆ."

ಗಡಿಯಾರ ಮಡಕೆ ನೋಡಿದ. ಆವತ್ತು ಅಕ್ಕನ ಕಣ್ಣು ನೋಡಿದವನು ಅವನೇ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ನನ್ನಿಂದಾಗಲ್ಲ ಧಣಿ," ಎಂದ. ಅವನ ಬಾಯಿಂದ ಧಣಿಗೆ ಇಲ್ಲ ಎನ್ನುವ ಮಾತು ಬಂದದ್ದು ಅದೇ ಮೊದಲು.

ಒಬ್ಬ ದಪ್ಪ ರೈತ ಮುಂದೆ ಬಂದು ಬೆರಳು ಅದ್ದಿದ. ಉಗುರ ಬುಡದಲ್ಲಿ ಎಲ್ಲೋ ಸೀಳಿತ್ತು. ಸುಟ್ಟವನ ಹಾಗೆ ಕೊಡವಿಕೊಂಡ.

ಅಕ್ಕ ಅಷ್ಟರಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತಿದ್ದಳು. ಪಟ್ಟಿ ಬಿಚ್ಚಿದಳು. ಎರಡು ತಿಂಗಳ ಮೇಲೆ ಅವಳ ದನಿ ಕೇಳಿದೆ.

"ಅಣ್ಣ, ನಿಮ್ಮನೇಲಿ ಕುಡಿ ಚಿವುಟೋರು ಯಾರು?"

"ಹೆಂಡತಿ," ಎಂದ ರೈತ. "ನಮ್ಮ ಅತ್ತಿಗೆ."

"ಅವರನ್ನ ಕೇಳಿ ಬರೆಸಿ. ಅವರು ಕೇಳಿದ್ರೆ ನನ್ನ ಕಣ್ಣು ಹೇಗಿತ್ತು ಅಂತ ಹೇಳಿ."

ಸರ್ವೆಯ ಹುಡುಗಿ ಮೈಕು ಹಿಡಿದೇ ನಿಂತಿದ್ದಳು. ಅಕ್ಕ ಅವಳ ಕಡೆ ತಿರುಗಿದಳು. "ಎಂಬತ್ತೆರಡು ಅಂದ್ಯಲ್ಲವ್ವ. ಅದರಲ್ಲಿ ಬಗ್ಗಿ ಕೀಳೋರು ಎಷ್ಟು?"

ಹುಡುಗಿ ಮೈಕನ್ನು ಮೇಜಿನ ಮೇಲಿಟ್ಟಳು.

ಧಣಿಗೆ ಆಗ ಬುದ್ಧಿ ಬಂತು. ಸೊಂಟದಿಂದ ಬೀಗದ ಕೈ ತೆಗೆದು ಎಲ್ಲರಿಗೂ ಕಾಣುವ ಹಾಗೆ ಚಾಚಿದ. "ತಗೊಳ್ಳಿ. ಇವತ್ತಿಂದ ನಲ್ಲಿ ನಿಮ್ಮದೇ. ಕೈಗವಸು ತರಿಸ್ತೀನಿ. ಕಣ್ಣಿಗೂ ಏನಾದ್ರೂ ನೋಡೋಣ. ಸಾಲಿಗೆ ಹೋಗಿ ಈಗ."

ಅಕ್ಕ ಬೀಗದ ಕೈ ತೆಗೆದುಕೊಂಡಳು. ನಲ್ಲಿಯ ಹತ್ತಿರ ಹೋದಳು. ಇಪ್ಪತ್ತು ಹೆಜ್ಜೆ. ಒಂದೊಂದಾಗಿ ಎಣಿಸಿಕೊಂಡು ಹೋದಳು. ಬೀಗ ತೆಗೆದು ನೀರು ಬಿಟ್ಟಳು. ಮುಖ ತೊಳೆದಳು. ಕುರುಡುಗಣ್ಣನ್ನು ಮೂರು ಸಲ ತೊಳೆದಳು. ನಾವು ಏಳು ಜನ ಒಬ್ಬರ ಹಿಂದೆ ಒಬ್ಬರು ನಿಂತು ಮೊಣಕೈ ತನಕ ತೊಳೆದೆವು. ಯಾರೂ ಅವಸರ ಮಾಡಲಿಲ್ಲ. ನಲ್ಲಿಯ ಸುತ್ತ ಕೊಚ್ಚೆಯಾಯಿತು. ತೊಂಬತ್ತು ಗಂಡಸರು ನಿಂತು ನೋಡಿದರು.

ಅಕ್ಕ ನಲ್ಲಿ ಮುಚ್ಚಿ ಬೀಗ ಹಾಕಿದಳು. ವಾಪಸು ಬಂದಳು. ನನ್ನ ಕೈಯಲ್ಲಿದ್ದ ಮಡಕೆಯೊಳಗೆ ಬೀಗದ ಕೈ ಬಿಟ್ಟಳು. ಅದು ಬುಡಕ್ಕೆ ಹೋಗಿ ಟಣ್ ಎಂದಿತು. ಮಡಕೆಯನ್ನು ಧಣಿಯ ಕಾಲ ಬಳಿ ಇಟ್ಟೆವು.

"ಬೇಕಾದ್ರೆ ಕೈ ಹಾಕಿ ತಗೊಳ್ಳಿ," ಎಂದಳು.

ನಾವು ಸಾಲಿಗೆ ಹೋಗಲಿಲ್ಲ. ಗೇಟು ದಾಟಿ ಹೋದೆವು. ಹಿಂದೆ ಕೂಗಿದ್ದು ಕೇಳಿಸಿತು. ನನ್ನ ಕಿವಿ ಚುರುಕು. ಆದರೂ ತಿರುಗಲಿಲ್ಲ.

ಆವತ್ತು ಪುಸ್ತಕದಲ್ಲಿ ನಾಲ್ಕು ಹೆಸರು ಬಿದ್ದಿತ್ತಂತೆ. ಆ ನಾಲ್ವರ ಊರು ಯಾವುದು ಎಂದು ಕೇಳಿಕೊಂಡೆವು. ನಡೆದು ಹೋದೆವು. ಗಂಡಸರ ಹತ್ತಿರ ಮಾತಾಡಲಿಲ್ಲ. ಬಾವಿಯ ಹತ್ತಿರ, ಗಿರಣಿಯ ಹತ್ತಿರ, ಬಟ್ಟೆ ಒಗೆಯುವಲ್ಲಿ ನಿಂತೆವು. ಅಕ್ಕ ಪಟ್ಟಿ ಬಿಚ್ಚುವಳು. ನಾನು ಬೆರಳು ತೋರಿಸುವೆ. ಅಷ್ಟೇ ಭಾಷಣ. ಒಂದು ಊರಲ್ಲಿ ಒಬ್ಬ ಮುದುಕಿ ಅಕ್ಕನ ಗಲ್ಲ ಹಿಡಿದು ನೋಡಿ, "ನಮ್ಮವನು ಅದನ್ನ ಬಿತ್ತಿದ್ರೆ ಅವನೇ ಚಿವುಟಲಿ, ಅವನೇ ಕೀಳಲಿ, ಅನ್ನಾನೂ ಅವನೇ ಬೇಯಿಸಿಕೊಳ್ಳಲಿ," ಎಂದಳು. ಆ ಮಾತು ನಮಗಿಂತ ಮುಂದೆ ಓಡಿತು. ನಾಲ್ವರೂ ಪುಸ್ತಕದಲ್ಲಿ ಹೆಸರು ಹೊಡೆಸಿಹಾಕಿದರು.

ಧಣಿ ನಿಂತ ಬೆಳೆ ಕೊಯ್ಯಲು ಯಂತ್ರ ತರಿಸಿದ. ಕಡಲೆ ಗಿಡ ಗಿಡ್ಡ, ಕಾಯಿ ನೆಲದ ಹತ್ತಿರ. ಯಂತ್ರದ ಹಲ್ಲು ಮೇಲೆ ಮೇಲೆ ಹೋಯಿತು. ಅರ್ಧ ಬೆಳೆ ಹೊಲದಲ್ಲೇ ಉದುರಿತು. ಉಳಿದರ್ಧ ಚೀಲವಾಗಿ ಹಳೆಯ ಚೀಲಗಳ ಮೇಲೆ ಕೂತಿತು. ಬಿತ್ತನೆಯ ಕಾಲ ಬಂತು, ಹೋಯಿತು. ಗಾಡಿ ಬರಲಿಲ್ಲ. ತಿನ್ನುವ ಕಡಲೆಯೆಂದು ಮಾರಲು ನೋಡಿದ. ಮೊದಲಿನ ಬೆಲೆಯ ಆಸೆ ಬಿಡದೆ ತಿಂಗಳುಗಟ್ಟಲೆ ಚೌಕಾಸಿ ಮಾಡಿದ. ಚೀಲಕ್ಕೆ ಔಷಧಿಯನ್ನೂ ಹಾಕಿಸಲಿಲ್ಲ, ತಿನ್ನುವುದಕ್ಕೆ ಹೋದರೂ ಹೋಗಬಹುದು ಎಂದು.

ಕಳೆದ ವಾರ ಗಡಿಯಾರ ದಾರಿಯಲ್ಲಿ ಸಿಕ್ಕ. ಕೆಲಸ ಬಿಟ್ಟಿದ್ದಾನೆ. ಕೈಯಲ್ಲಿ ಗಡಿಯಾರವೂ ಇರಲಿಲ್ಲ. "ಚೀಲದೊಳಗೆ ಕೈ ಹಾಕಿದ್ರೆ ಬೆಚ್ಚಗಿದೆ," ಎಂದ. "ಒಂದೊಂದು ಕಾಳಿಗೂ ತೂತು."

ಹೊಲದ ಹುಳಕ್ಕೆ ಹುಳಿ ಅಡ್ಡ ನಿಂತಿತ್ತು. ಹುಳಿ ಇದ್ದದ್ದು ಗಿಡದ ಮೈ ಮೇಲೆ, ಕಾಳಿನೊಳಗಲ್ಲ. ಗೋದಾಮಿನ ಹುಳಕ್ಕೆ ಯಾವ ಅಡ್ಡಿಯೂ ಇಲ್ಲ.

ಗೋದಾಮಿನ ಹಿಂಬದಿಯ ತಗಡಿನ ಗೋಡೆ ರಸ್ತೆಗೇ ಇದೆ. ಯಾರು ಬೇಕಾದರೂ ಒರಗಬಹುದು. ಮರುದಿನ ಮಧ್ಯಾಹ್ನ, ಬೇರೆಯವರ ಹೊಲದ ಕೆಲಸ ಮುಗಿಸಿ ಬರುವಾಗ, ಅಕ್ಕ ನಿಂತಳು. ಕೂತು ತಗಡಿಗೆ ಕಿವಿ ಇಟ್ಟಳು. ನನ್ನನ್ನೂ ಕೂರಿಸಿದಳು.

ಮೊದಲು ನನ್ನ ಉಸಿರೇ ಕೇಳಿಸಿತು. ಆಮೇಲೆ ಅದು. ಸಣ್ಣಗೆ, ಒಂದೇ ಸಮ, ಸಾವಿರ ಬಾಯಿ ಒಟ್ಟಿಗೆ. ಕರ ಕರ ಕರ. ಅಮ್ಮನ ಪದ್ಯಕ್ಕೆ ಕೂರುವ ಹಾಗೆ ಕಾಲು ಮಡಿಸಿ ಕೂತೆ. ಕಣ್ಣು ಮುಚ್ಚಿದೆ. ನಾನು ಬೇಡಿದ್ದು ಒಂದಕ್ಷರವೂ ತಪ್ಪದೆ ಕೇಳಿಸುತ್ತಿತ್ತು.

ಒಂದು ಗಾಡಿ ಹೋಯಿತು. ನಾನು ಏಳಲು ನೋಡಿದೆ. ಕಾಲಿಗೆ ಬುತ್ತಿಯ ಡಬ್ಬ ತಾಗಿ ಉರುಳಿತು.

ಅಕ್ಕ ನನ್ನ ಕೈ ಹಿಡಿದು ಕೆಳಗೆ ಎಳೆದಳು. ಅವಳ ಬೆರಳಿಗೆ ಹೊಸ ಚರ್ಮ ಬಂದಿತ್ತು.

"ಸದ್ದು ಮಾಡ್ಬೇಡ ಕಣೇ," ಎಂದಳು. "ತಿನ್ನಲಿ."